ಜಾನ್ ವೆಸ್ಲಿಯವರ ದೇಹಪಾಲನೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ಸಭೆಗಳಲ್ಲಿ ಜಾನ್ ವೆಸ್ಲಿಯವರ ಹೆಸರನ್ನು ಕೇಳದವರು ವಿರಳ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯು ಸ್ಥಾಪಿತವಾಗುವದಕ್ಕೆ ಮುಂಚೆ ಈ ಸೀಮೆಯಲ್ಲಿ ಸುವಾರ್ತೆಯನ್ನು ಸಾರಿದವರು ಅವರ ಹೆಸರನ್ನು ಹೊತ್ತ ಮಿಶನಿನವರು. ಹಾಸನದ ರೆಡ್‌ಫರ್ನ್ ಆಸ್ಪತ್ರೆಯೂ ಆ ಮಿಶನಿನ ಸೇವೆಯಿಂದ ಹುಟ್ಟಿದ್ದು. ಆದರೂ ವೆಸ್ಲಿಯವರು ದೊಡ್ಡ ಪ್ರಸಂಗಿಗಳೆಂದು ಬಲ್ಲವರಲ್ಲಿ ಅನೇಕರು, ಅವರು ಬಡವರಿಗೆ ಔಷಧ ಕೊಟ್ಟವರೂ ಆರೋಗ್ಯದ ವಿಷಯವಾಗಿ ಪುಸ್ತಕ ಬರೆದವರೂ ಆಗಿದ್ದರೆಂಬದನ್ನು ಅರಿಯರು.

ಈ ವಿಷಯವನ್ನು ಈಗ ಎತ್ತುವದಕ್ಕೆ ಕಾರಣವುಂಟು. 2025ನೇ ಇಸವಿಯ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಹಲವರು, ಅವರಲ್ಲಿ ಯೌವನಸ್ಥರೂ ಸೇರಿ, ಹೃದಯಾಘಾತದಿಂದ ಫಕ್ಕನೆ ತೀರಿಕೊಂಡರೆಂಬ ಸುದ್ದಿ ಊರೂರಿಗೆ ಹಬ್ಬಿತು. ಜನರು ಗಾಬರಿಗೊಂಡು ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸರ್ಕಾರವು ನೇಮಿಸಿದ ವೈದ್ಯರ ಮಂಡಳಿಯು 24 ಮರಣಗಳನ್ನು ಪರೀಕ್ಷಿಸಿ, ಜಿಲ್ಲೆಯಲ್ಲಿ ಹೃದಯದ ಮರಣಗಳು ವಾಡಿಕೆಗಿಂತ ಹೆಚ್ಚಿಲ್ಲವೆಂದು ತಿಳಿಸಿತು. ತೀರಿಕೊಂಡವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೊಗೆಸೊಪ್ಪಿನ ಅಥವಾ ಮದ್ಯದ ಅಭ್ಯಾಸ ಇದ್ದವೆಂದೂ ತೋರಿಬಂತು. ಗಾಬರಿಯು ಒಂದು ತಿಂಗಳಿನದು. ಅದರ ಹಿಂದಿನ ಕಾರಣಗಳಾದರೋ ವರುಷವೆಲ್ಲಾ ನಮ್ಮ ಮನೆಗಳಲ್ಲಿಯೇ ಇರುವವು. ಆದದರಿಂದ ವರುಷದ ಎಲ್ಲಾ ಕಾಲಗಳಲ್ಲಿಯೂ ದೇಹವನ್ನು ಕ್ರಮದಲ್ಲಿಟ್ಟುಕೊಂಡ ಒಬ್ಬ ದೇವಸೇವಕರ ಜೀವಿತವನ್ನು ವಾಚಕರ ಮುಂದಿಡುತ್ತೇವೆ.

ವೆಸ್ಲಿಯವರು 1703ನೇ ಇಸವಿಯ ಜೂನ್ ತಿಂಗಳಲ್ಲಿ ಇಂಗ್ಲೆಂಡ್ ದೇಶದ ಎಪ್‌ವರ್ತ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಸಾಮುವೇಲರು ಆ ಊರಿನ ಪಾದ್ರಿಗಳು. ತಾಯಿ ಸುಸನ್ನಮ್ಮನವರು ಹತ್ತೊಂಬತ್ತು ಮಕ್ಕಳನ್ನು ಹೆತ್ತು, ಅವರಲ್ಲಿ ಅನೇಕರನ್ನು ಎಳೆತನದಲ್ಲಿಯೇ ಮಣ್ಣುಮಾಡಿದ ಮಹಾತಾಯಿ. ಬಾಲಕನು ಐದು ವರುಷದವನಾಗಿದ್ದಾಗ, 1709ರಲ್ಲಿ, ಮನೆಗೆ ಬೆಂಕಿ ಹತ್ತಲು, ನೆರೆಹೊರೆಯವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಅವನನ್ನು ಕಿಟಕಿಯಿಂದ ಇಳಿಸಿಕೊಂಡರು. ಹತ್ತು ವರುಷದವನಾದಾಗ ಅವನನ್ನು ಲಂಡನ್ ನಗರದ ಚಾರ್ಟರ್‌ಹೌಸ್ ಪಾಠಶಾಲೆಗೆ ಕಳುಹಿಸಿದರು. ಅಲ್ಲಿ ದೊಡ್ಡ ಹುಡುಗರು ಚಿಕ್ಕವರ ತಟ್ಟೆಯಲ್ಲಿನ ಮಾಂಸವನ್ನು ಕಿತ್ತುಕೊಳ್ಳುತ್ತಿದ್ದದರಿಂದ ಅವನಿಗೆ ಬಹುಕಾಲ ಬರೀ ರೊಟ್ಟಿಯೇ ಗತಿಯಾಯಿತು. ತಂದೆಯವರು ಒಂದು ಆಜ್ಞೆಯನ್ನು ವಿಧಿಸಿದ್ದರು: ದಿನವೂ ಮುಂಜಾನೆ ಪಾಠಶಾಲೆಯ ತೋಟವನ್ನು ಮೂರು ಸಾರಿ ಓಡಿ ಸುತ್ತಬೇಕು. ಹುಡುಗನು ಇದನ್ನು ತಪ್ಪದೆ ನಡಿಸಿದನು. ತಮ್ಮ ಆರೋಗ್ಯಕ್ಕೆ ಆ ಮಿತವಾದ ಊಟವೂ ಆ ಓಟವೂ ಆಧಾರವಾದವೆಂದು ವೆಸ್ಲಿಯವರು ಮುದಿತನದಲ್ಲಿ ನೆನಸಿಕೊಳ್ಳುತ್ತಿದ್ದರು.

ಅವರು ಹುಟ್ಟಿನಿಂದ ಉಕ್ಕಿನ ದೇಹದವರಾಗಿದ್ದರೆಂದು ಯಾರೂ ತಿಳಿಯಬಾರದು. ಆಳು ಗಿಡ್ಡ, ಮೈ ಸಣಕಲು. ಆಕ್ಸ್‌ಫರ್ಡಿನಲ್ಲಿದ್ದಾಗ, ಸುಮಾರು ಇಪ್ಪತ್ತೇಳನೇ ವಯಸ್ಸಿನಲ್ಲಿ ರಕ್ತ ಉಗುಳುವ ರೋಗವು ಹಿಡಿದು ಕೆಲವು ವರುಷ ಬಿಡಲಿಲ್ಲ. ಅಲ್ಲಿಯೇ ಅವರು ಚೇನಿ ಎಂಬ ವೈದ್ಯರು ದೀರ್ಘಾಯುಷ್ಯದ ವಿಷಯವಾಗಿ ಬರೆದ ಪುಸ್ತಕವನ್ನು ಓದಿ, ಮಿತಾಹಾರ, ಶುದ್ಧ ನೀರು, ನಡಿಗೆ, ಹೊತ್ತಿಗೆ ಸರಿಯಾದ ನಿದ್ರೆ ಎಂಬ ಕ್ರಮವನ್ನು ಹಿಡಿದರು. ನಿದ್ರೆಯನ್ನು ಅವರು ಸರಿಪಡಿಸಿಕೊಂಡ ಬಗೆಯು ತಿಳಿಯತಕ್ಕದ್ದು. ನಡುರಾತ್ರಿ ಎಚ್ಚರವಾಗುತ್ತಿತ್ತು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಮಲಗುವದೇ ಇದಕ್ಕೆ ಕಾರಣವೆಂದು ಊಹಿಸಿ, ಎಚ್ಚರಿಸುವ ಗಡಿಯಾರವನ್ನು ತರಿಸಿ ಏಳು ಘಂಟೆಗೆ ಎದ್ದರು, ಆದರೂ ರಾತ್ರಿ ಎಚ್ಚರವಾಯಿತು. ಮರುದಿನ ಆರಕ್ಕೆ, ಅದರ ಮರುದಿನ ಐದಕ್ಕೆ, ಕೊನೆಗೆ ನಾಲ್ಕಕ್ಕೆ ಏಳಲು, ಆ ರಾತ್ರಿ ಎಡೆಬಿಡದೆ ನಿದ್ರೆ ಬಂತು. ಅಂದಿನಿಂದ ಸುಮಾರು ಅರುವತ್ತು ವರುಷ ನಾಲ್ಕು ಘಂಟೆಗೆ ಏಳುವದೇ ಅವರ ವಾಡಿಕೆಯಾಯಿತು. ಎಲ್ಲರಿಗೂ ಅಷ್ಟೇ ನಿದ್ರೆ ಸಾಕೆಂದು ಅವರು ಹೇಳಲಿಲ್ಲ. ಬಳಲಿದವರಿಗೂ ಮಕ್ಕಳಿಗೂ ಹೆಚ್ಚು ಬೇಕು.

1738ನೇ ಇಸವಿಯ ಮೇ 24ರ ಸಾಯಂಕಾಲ ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವರ ಅಂತರಂಗವು ಕ್ರಿಸ್ತನಲ್ಲಿ ನೆಮ್ಮದಿಯನ್ನು ಕಂಡ ಸಂಗತಿಯನ್ನು ನಮ್ಮ ಉಪದೇಶಿಗಳು ಅನೇಕ ಸಾರಿ ವಿವರಿಸಿರುವದರಿಂದ ಇಲ್ಲಿ ವಿಸ್ತರಿಸುವದಿಲ್ಲ. ಆ ಮೇಲೆ ಅವರು ಕುದುರೆ ಏರಿದರು. ಮಂಜು ಸುರಿದರೂ ಮಳೆ ಹೊಡೆದರೂ ಊರಿಂದೂರಿಗೆ ಹೋಗಿ, ಕೂಲಿಕಾರರು ಕೆಲಸಕ್ಕೆ ಹೊರಡುವ ಮುಂಚೆ ಬೆಳಿಗ್ಗೆ ಐದು ಘಂಟೆಗೆ ಪ್ರಸಂಗ ಮಾಡುವರು. ಅವರು ಜೀವಮಾನದಲ್ಲಿ ತಿರುಗಿದ ದಾರಿಯು ಎರಡೂವರೆ ಲಕ್ಷ ಮೈಲಿ, ಮಾಡಿದ ಪ್ರಸಂಗಗಳು ನಾಲ್ವತ್ತು ಸಾವಿರ ಎಂದು ಎಣಿಸುವರು.

ತಿರುಗುವಾಗ ಬಡವರ ರೋಗಗಳು ಕಣ್ಣಿಗೆ ಬಿದ್ದವು. ವೈದ್ಯರಿಗೆ ಕೊಡುವ ಹಣವಿಲ್ಲದೆ ಜನರು ಸಾಯುವದನ್ನು ಸಹಿಸಲಾರದೆ, 1746ರ ಡಿಸೆಂಬರಿನಲ್ಲಿ ಲಂಡನಿನಲ್ಲಿ ಧರ್ಮ ಔಷಧಶಾಲೆಯನ್ನು ತೆರೆದರು. ಔಷಧ ಕೂಡಿಸುವವನೊಬ್ಬನನ್ನೂ ಅನುಭವವುಳ್ಳ ಶಸ್ತ್ರವೈದ್ಯನೊಬ್ಬನನ್ನೂ ಸಹಾಯಕ್ಕೆ ಇಟ್ಟುಕೊಂಡು, ಕಠಿಣವಾದ ರೋಗಗಳಿಗೆ ತಾವು ಕೈಹಾಕದೆ ವೈದ್ಯರ ಬಳಿಗೆ ಕಳುಹಿಸುತ್ತಿದ್ದರು. ಐದು ತಿಂಗಳಲ್ಲಿ ಐನೂರಕ್ಕೆ ಮಿಕ್ಕಿದ ಜನರು ಬಂದರು. ಮರುವರುಷ ಬಡವರ ಮನೆಗಳಿಗಾಗಿ ಒಂದು ಸಣ್ಣ ವೈದ್ಯಗ್ರಂಥವನ್ನು ಅಚ್ಚುಹಾಕಿಸಿದರು. ಅವರು ಬದುಕಿದ್ದಾಗಲೇ ಅದು ಇಪ್ಪತ್ತಕ್ಕೆ ಮೇಲ್ಪಟ್ಟ ಸಾರಿ ಅಚ್ಚಾಯಿತು.

ಆ ಗ್ರಂಥದಲ್ಲಿನ ಮದ್ದುಗಳನ್ನು ಈಗ ಯಾರೂ ಅನುಸರಿಸತಕ್ಕದ್ದಲ್ಲ. ಬೋಳುತಲೆಗೆ ಈರುಳ್ಳಿ ತಿಕ್ಕಿ ಜೇನು ಸವರಬೇಕೆಂದೂ, ಎದೆ ಡವಗುಟ್ಟಿದರೆ ತಣ್ಣೀರು ಕುಡಿಯಬೇಕೆಂದೂ ಅದರಲ್ಲಿ ಕಾಣುವದು. ಮುನ್ನುಡಿಯಾದರೋ ಇಂದಿಗೂ ಬೆಲೆಯುಳ್ಳದ್ದು. ಉಪ್ಪು ಹಾಕಿ ಇಟ್ಟ, ಹುಳಿಗಟ್ಟಿಸಿದ, ಹೊಗೆಯಾಡಿಸಿದ ಆಹಾರಗಳೂ ಅತಿಯಾದ ಮಸಾಲೆಯೂ ಮೈಗೆ ಒಳ್ಳೇದಲ್ಲವೆಂದರು. ಪಾನಗಳಲ್ಲಿ ನೀರು ಮೇಲು, ಸಾರಾಯಿ ಮೆಲ್ಲಗೆ ಕೊಲ್ಲುವ ವಿಷವೆಂದರು. ರಾತ್ರಿಯ ಊಟವು ಹಗುರವಾಗಿಯೂ ಬೇಗನೆಯೂ ಆಗಬೇಕೆಂದರು. ನಡೆಯಬಲ್ಲವರಿಗೆ ಬಯಲಿನ ನಡಿಗೆಗಿಂತ ಒಳ್ಳೇ ವ್ಯಾಯಾಮವಿಲ್ಲವೆಂದರು. ಇಂದಿನ ವೈದ್ಯರು ಹೃದಯದ ಕ್ಷೇಮಕ್ಕೆ ಹೇಳುವ ಬುದ್ಧಿಯು ಇದಕ್ಕೆ ಬಹಳ ಹತ್ತಿರ. ದಿನಕ್ಕೆ ಐದು ಗ್ರಾಮಿಗಿಂತ, ಅಂದರೆ ಒಂದು ಚಹಾ ಚಮಚೆಗಿಂತ, ಕಡಿಮೆ ಉಪ್ಪು ಸಾಕೆಂದೂ, ವಾರಕ್ಕೆ ನೂರೈವತ್ತು ನಿಮಿಷವಾದರೂ ಚುರುಕಾಗಿ ನಡೆಯಬೇಕೆಂದೂ ಲೋಕದ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನುಗಳಲ್ಲಿ ಅಡಗಿರುವ ಉಪ್ಪನ್ನು ನಮ್ಮ ತಾಯಂದಿರು ಲೆಕ್ಕಕ್ಕೆ ಹಿಡಿಯುವದಿಲ್ಲ. ಹೊಲ ಗೆಯ್ಯುವವರಿಗೆ ನಡಿಗೆ ಬೇರೆ ಯಾಕೆ ಎಂದು ಕೇಳುವರು. ನೇಗಿಲು ಹಿಡಿದವರಿಗೆ ಬೇಡವೇ ಬೇಡ. ಆದರೆ ಉಳುವದಕ್ಕೆ ಟ್ರಾಕ್ಟರು, ಪಕ್ಕದ ಬೀದಿಗೆ ಮೋಟಾರು ಸೈಕಲ್ಲು ಎಂದಾದವರು ಈ ಮಾತನ್ನು ಆಡಬಾರದು.

ಹೊಗೆಸೊಪ್ಪಿನ ವಿಷಯವು ನಮ್ಮವರಿಗೆ ಕಷ್ಟವಾದದ್ದು. ಅರಕಲಗೂಡಿನ ರಾಮನಾಥಪುರದ ಕಡೆ ಅದು ಅನೇಕರ ಅನ್ನದ ಬೆಳೆ. ವೆಸ್ಲಿಯವರು 1744ರಲ್ಲಿಯೇ ತಮ್ಮ ಕೂಟದವರಿಗೆ, ವೈದ್ಯನು ವಿಧಿಸಿದ ಹೊರತು ನಶ್ಯವನ್ನಾಗಲಿ ಹೊಗೆಸೊಪ್ಪನ್ನಾಗಲಿ ಮುಟ್ಟಬಾರದೆಂದು ಕಟ್ಟಳೆ ಮಾಡಿದರು. ಬೆಳೆಯುವದನ್ನು ನಾಳೆಯೇ ಬಿಡಿರೆಂದು ಸಾಲದಲ್ಲಿರುವ ರೈತನಿಗೆ ಹೇಳುವ ಧೈರ್ಯ ನಮಗಿಲ್ಲ. ಬೀಡಿಯನ್ನೂ ಕಡ್ಡಿಪುಡಿಯನ್ನೂ ಬಾಯಿಗೆ ಇಡಬೇಡಿರೆಂದು ಮಾತ್ರ ಧೈರ್ಯದಿಂದ ಹೇಳುತ್ತೇವೆ. ಅವು ರಕ್ತನಾಳಗಳನ್ನು ಕೆಡಿಸಿ ಹೃದಯವನ್ನು ನೇರವಾಗಿ ಹೊಡೆಯುವವು.

ಮನಸ್ಸಿನ ವ್ಯಥೆಯು ದೇಹವನ್ನು ಕೆಡಿಸುವದೆಂಬದನ್ನೂ ಅವರು ಕಂಡಿದ್ದರು. 1759ರಲ್ಲಿ ಹೊಟ್ಟೆನೋವಿನಿಂದ ನರಳುತ್ತಿದ್ದ ಹೆಂಗಸೊಬ್ಬಳನ್ನು ವಿಚಾರಿಸಿದಾಗ, ಅವಳು ಸತ್ತ ಮಗನಿಗಾಗಿ ಹಗಲಿರುಳು ಕೊರಗುತ್ತಿದ್ದಳೆಂದು ತಿಳಿಯಿತು. ವೈದ್ಯರು ಮದ್ದಿನ ಮೇಲೆ ಮದ್ದು ಕೊಟ್ಟರೇ ಹೊರತು ಅವಳ ದುಃಖವನ್ನು ಕೇಳಿರಲಿಲ್ಲ. ಸಾಲದ ಚಿಂತೆಯಿಂದಲೋ ಮರಣದ ದುಃಖದಿಂದಲೋ ಕುಗ್ಗಿದ ಒಕ್ಕಲುಗಳು ನಮ್ಮ ಪ್ರತಿ ಸಭೆಯಲ್ಲಿಯೂ ಇರುತ್ತವೆ. ಸಭಾಪಾಲಕರೂ ಹಿರಿಯರೂ ಅಂಥವರ ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳುವದು ಒಳ್ಳೇದು.

1753ರ ಚಳಿಗಾಲದಲ್ಲಿ ವೆಸ್ಲಿಯವರಿಗೆ ಕ್ಷಯದ ಲಕ್ಷಣಗಳು ಕಾಣಿಸಿದವು. ಸಾಯುವೆನೆಂದು ನಿಶ್ಚಯಿಸಿ ತಮ್ಮ ಸಮಾಧಿಯ ಬರಹವನ್ನು ತಾವೇ ಬರೆದಿಟ್ಟರು. ಆದರೂ ವೈದ್ಯರಾದ ಫೋದರ್‌ಗಿಲ್‌ರವರ ಮಾತಿಗೆ ವಿಧೇಯರಾಗಿ, ನಗರವನ್ನು ಬಿಟ್ಟು ಹಳ್ಳಿಯ ಗಾಳಿಯಲ್ಲಿ ವಿಶ್ರಮಿಸಿದರು. ಆ ಬಲವಂತದ ಬಿಡುವಿನಲ್ಲಿಯೇ ಹೊಸ ಒಡಂಬಡಿಕೆಯ ಟಿಪ್ಪಣಿಗಳನ್ನು ಬರೆಯತೊಡಗಿದರು. ಪ್ರಾರ್ಥನೆಯ ಮನುಷ್ಯರು ವೈದ್ಯರ ಮಾತನ್ನು ಕೇಳಿದರೆಂಬದನ್ನು, ಜ್ವರಕ್ಕೂ ಎದೆನೋವಿಗೂ ಪ್ರಾರ್ಥನೆ ಮಾತ್ರ ಸಾಕೆನ್ನುವವರು ಗಮನಿಸಲಿ. ಎದೆಯ ನಡುವೆ ಹಿಂಡಿದಂಥ ನೋವು, ಎಡಗೈಗೋ ದವಡೆಗೋ ಸೆಳೆತ, ತಣ್ಣನೆ ಬೆವರು, ಉಸಿರು ಕಟ್ಟುವದು, ಇವು ಬಂದರೆ ಅದನ್ನು ವಾಯುವೆಂದು ತಿಳಿದು ಶುಂಠಿ ಕಷಾಯ ಕುಡಿಸುತ್ತಾ ಕೂತುಕೊಳ್ಳಬಾರದು. 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು 2024ರಿಂದ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ಕೊಡುವ ಏರ್ಪಾಡಾಯಿತು. ಮೊದಲ ಘಂಟೆಗಳಲ್ಲಿ ಕೊಟ್ಟರೆ ಮಾತ್ರ ಅದರಿಂದ ಪೂರ್ಣ ಪ್ರಯೋಜನ.

ಮುದಿತನದಲ್ಲಿ ಕುದುರೆ ಸವಾರಿಯು ಆಗದೆ ಅವರು ಗಾಡಿಯಲ್ಲಿ ತಿರುಗಿದರು. ಲಂಡನಿನ ಅವರ ಮನೆಯಲ್ಲಿ ಕೋಣೆಯ ಕುದುರೆಯೆಂಬ ಒಂದು ಕುರ್ಚಿಯುಂಟು. ಅದರ ಚರ್ಮದ ಪೀಠದೊಳಗೆ ಸುರುಳಿ ಕಂಬಿಗಳಿದ್ದು, ಕೂತು ಮೇಲೆಕೆಳಗೆ ಕುಲುಕಾಡಿದರೆ ಸವಾರಿಯ ವ್ಯಾಯಾಮವಾಗುತ್ತಿತ್ತು. ನೋಡಿದವರಿಗೆ ನಗೆ ಬರುವಂಥಾದ್ದೇ ಸರಿ! ಆದರೆ ಆಷಾಢದ ಮಳೆ ಹಿಡಿದು ಅರಕಲಗೂಡಿನ ದಾರಿಗಳೆಲ್ಲಾ ಕೆಸರಾದಾಗ ಹಜಾರದಲ್ಲಿಯೇ ಅರ್ಧ ಘಂಟೆ ನಡೆದಾಡುವ ಮುದುಕರು ಅದೇ ಬುದ್ಧಿಯನ್ನು ಅನುಸರಿಸುವವರು. ಮಾರ್ಗಶಿರ, ಪುಷ್ಯಗಳ ಚಳಿಯಲ್ಲಿ ರಕ್ತನಾಳಗಳು ಬಿಗಿದು ಒತ್ತಡವು ಏರುವದರಿಂದ ವಯಸ್ಸಾದವರು ಬಿಸಿಲೇರಿದ ಮೇಲೆ, ಕಂಬಳಿ ಹೊದ್ದು, ಹೊರಡುವದು ಕ್ಷೇಮ. ಚನ್ನರಾಯಪಟ್ಟಣದ ಕಡೆಯ ಬೇಸಿಗೆಯಲ್ಲಿ ನಡುಹಗಲಿನ ಕೆಲಸವನ್ನು ಬಿಟ್ಟು ನೀರನ್ನು ಆಗಾಗ್ಗೆ ಕುಡಿಯಬೇಕು. ಒತ್ತಡದ ಮಾತ್ರೆಗಳನ್ನಾದರೋ ಯಾವ ಕಾಲದಲ್ಲಿಯೂ ತಾವಾಗಿ ನಿಲ್ಲಿಸಬಾರದು.

ತಮ್ಮ ಕ್ರಮವನ್ನು ಅವರೇ ಒಮ್ಮೆ ಮುರಿದರು. 1785ರ ಜನವರಿಯಲ್ಲಿ, ಎಂಭತ್ತೊಂದು ವರುಷದವರಾಗಿ, ಲಂಡನಿನ ಬಡವರ ಬಟ್ಟೆಬರೆಗಾಗಿ ಇನ್ನೂರು ಪೌಂಡು ಕೂಡಿಸಬೇಕೆಂದು ಐದು ದಿನ ಬೆಳಿಗ್ಗೆಯಿಂದ ಸಾಯಂಕಾಲದ ವರೆಗೆ, ಕರಗಿದ ಹಿಮದಲ್ಲಿ ಹರಡಿನ ವರೆಗೆ ಕಾಲು ನೆನೆಯುತ್ತಿರಲು, ಮನೆಮನೆಗೆ ಭಿಕ್ಷೆಗೆ ಹೋದರು. ಹಣವು ಕೂಡಿತು, ಆ ವಾರದ ಕೊನೆಯಲ್ಲಿ ಕಠಿಣವಾದ ಭೇದಿಯು ಹಿಡಿದು ವೈದ್ಯರನ್ನು ಕರಿಸಬೇಕಾಯಿತು. ಅದು ಅವಿವೇಕವೆಂದು ಕೆಲವರು ಅನ್ನಬಹುದು. ಅಷ್ಟು ವರುಷ ಜೋಪಾನ ಮಾಡಿದ ದೇಹವನ್ನು ಯಾವ ಕೆಲಸಕ್ಕಾಗಿ ಇಟ್ಟುಕೊಂಡಿದ್ದರೆಂಬದು ನಮಗೆ ಅಲ್ಲಿಯೇ ಕಾಣುತ್ತದೆ.

1791ನೇ ಇಸವಿಯ ಫೆಬ್ರುವರಿ 23ರಂದು ಅವರು ಲೆದರ್‌ಹೆಡ್ ಎಂಬ ಊರಲ್ಲಿ ಕೊನೆಯ ಪ್ರಸಂಗವನ್ನು ಮಾಡಿದರು. ಮರುದಿನ, ಗುಲಾಮರ ವ್ಯಾಪಾರವನ್ನು ನಿಲ್ಲಿಸುವದಕ್ಕೆ ಹೆಣಗುತ್ತಿದ್ದ ವಿಲ್ಬರ್‌ಫೋರ್ಸರಿಗೆ ಧೈರ್ಯಗೊಳಿಸಿ ಕಾಗದ ಬರೆದರು. ಮಾರ್ಚಿ 2ರ ಬೆಳಿಗ್ಗೆ, ತಮ್ಮ ಎಂಭತ್ತೆಂಟನೇ ವರುಷದಲ್ಲಿ, ಸ್ನೇಹಿತರು ಸುತ್ತಲೂ ಮೊಣಕಾಲೂರಿರಲು ಕರ್ತನಲ್ಲಿ ನಿದ್ರಿಸಿದರು. ಶವದ ಬಂಡಿ ಬೇಡ, ಆರು ಮಂದಿ ಬಡವರು ಹೊರಲಿ, ಅವರಿಗೆ ತಲೆಗೊಂದು ಪೌಂಡು ಕೂಲಿ ಕೊಡಬೇಕು ಎಂದು ಮರಣಶಾಸನದಲ್ಲಿ ಬರೆದಿಟ್ಟಿದ್ದರು. ಜನಸಂದಣಿಗೆ ಅಂಜಿ, ಮಾರ್ಚಿ 9ರಂದು ಇನ್ನೂ ಬೆಳಕು ಹರಿಯುವ ಮುಂಚೆ, ಅವರು ಅರ್ಧ ಶತಮಾನ ಪ್ರಸಂಗಕ್ಕೆ ನಿಲ್ಲುತ್ತಿದ್ದ ಆ ಐದು ಘಂಟೆಯ ಹೊತ್ತಿನಲ್ಲಿ, ಸಮಾಧಿ ಮಾಡಿದರು.