ದಿವಂಗತ ಶಾಂತವೇರಿ ಗೋಪಾಲಗೌಡರು

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗ ಗ್ರಾಮದಲ್ಲಿ 1923ನೆಯ ಇಸವಿ ಮಾರ್ಚ್ 14ರಂದು ಶ್ರೀ ಶಾಂತವೇರಿ ಗೋಪಾಲಗೌಡರು ಜನಿಸಿದರು. ಮನೆತನವು ಬಡತನದ್ದು. ವಿದ್ಯಾರ್ಥಿದೆಸೆಯಲ್ಲಿಯೇ 1942ರ ಚಳವಳಿಯಲ್ಲಿ ಧುಮುಕಿ ಸೆರೆವಾಸವನ್ನನುಭವಿಸಿದರು. ತರುವಾಯ ಸಮಾಜವಾದಿ ಪಕ್ಷವನ್ನು ಸೇರಿ ಕಡೆಯವರೆಗೂ ಆ ಮತವನ್ನೇ ನಂಬಿ ನಡೆದರು.

ಅವರ ಹೆಸರು ನಾಡಿಗೆಲ್ಲ ಪರಿಚಿತವಾದುದು 1951ರ ಕಾಗೋಡು ಸತ್ಯಾಗ್ರಹದಿಂದ. ಸಾಗರ ತಾಲ್ಲೂಕಿನ ಆ ಗ್ರಾಮದಲ್ಲಿ ಗೇಣಿಯ ಭತ್ತವನ್ನು ಒಡೆಯರು ದೊಡ್ಡ ಕೊಳಗದಿಂದ ಅಳೆದುಕೊಳ್ಳುತ್ತಿದ್ದುದೇ ವಿವಾದದ ಮೂಲವಾಗಿದ್ದಿತು. ತಕ್ಕಡಿ ಹಿಡಿದು ಬಾಳುವ ನಮ್ಮಂತಹ ವರ್ತಕರಿಗೆ ಇದರ ಮರ್ಮವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಳತೆಯಲ್ಲಿ ಒಂದು ಸೇರು ಹೆಚ್ಚಾದರೆ ಗೇಣಿದಾರನ ಮನೆಯಲ್ಲಿ ಅಷ್ಟು ದಿನದ ಊಟ ಕಡಿಮೆಯಾದಂತೆಯೇ ಸರಿ. ಶ್ರೀ ಎಚ್. ಗಣಪತಿಯಪ್ಪನವರು ಸಂಘಟಿಸಿದ ರೈತರ ಬೆಂಬಲಕ್ಕೆ ಗೌಡರೂ ಅವರ ಪಕ್ಷವೂ ನಿಂತರು. ಡಾ. ರಾಮಮನೋಹರ ಲೋಹಿಯಾ ಅವರೂ ಜೂನ್ ತಿಂಗಳಲ್ಲಿ ಅಲ್ಲಿಗೆ ಬಂದು ದಸ್ತಗಿರಿಯಾದರು.

ಮರುವರ್ಷವೇ ಪ್ರಥಮ ಮಹಾಚುನಾವಣೆ. ಕಾಂಗ್ರೆಸ್ಸಿನ ಪ್ರಬಲ ಅಭ್ಯರ್ಥಿ ಶ್ರೀ ಎ. ಆರ್. ಬದರಿನಾರಾಯಣ್ ಅವರೆದುರು ಗೌಡರ ಕೈ ಬರಿದಾಗಿದ್ದಿತು. ಮತದೊಡನೆ ಚುನಾವಣೆಯ ವೆಚ್ಚದ ಹಣವನ್ನೂ ಮತದಾರರಲ್ಲಿಯೇ ಬೇಡಿದರು. ಗೆದ್ದರು, ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ.

ಸದನದಲ್ಲಿ ಅವರ ಮಾತು ನೇರ, ಕೆಲವೊಮ್ಮೆ ಅತಿ ಕಟುವಾಗಿಯೂ ಇರುತ್ತಿದ್ದಿತೆಂಬುದನ್ನು ಮರೆಮಾಚಬೇಕಿಲ್ಲ. ಹಳೆಯ ಮೈಸೂರಿನ ಅನೇಕ ಮುಖಂಡರು ಏಕೀಕರಣಕ್ಕೆ ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಅದನ್ನು ಎತ್ತಿಹಿಡಿದರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರೇ ಇರಬೇಕೆಂದು ವಾದಿಸಿದರು. 1957ರಲ್ಲಿ ಸೋತು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಮತ್ತೆ ಆಯ್ಕೆಯಾದರು. ಸಾಹಿತಿಗಳ ಸ್ನೇಹ ಅವರಿಗೆ ಬಹಳ ಪ್ರಿಯ. ಶ್ರೀ ಯು. ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ನಾಯಕನಲ್ಲಿ ಗೌಡರ ಛಾಯೆಯನ್ನು ಓದುಗರು ಗುರುತಿಸಿದ್ದಾರೆ.

ಮೂರು ಬಾರಿ ಶಾಸಕರಾಗಿಯೂ ಅವರು ಆಸ್ತಿಯನ್ನು ಗಳಿಸಲಿಲ್ಲ. ದೀರ್ಘಕಾಲದ ಅಸ್ವಸ್ಥತೆಯ ನಂತರ 1972ರ ಜೂನ್ 9ರಂದು, ತಮ್ಮ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ದೈವಾಧೀನರಾದರು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಶ್ರೀ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿ ಉಳುವವನದಾಗುವ ಹಾದಿ ತೆರೆಯಿತು. ಎರಡನ್ನೂ ಕಣ್ತುಂಬ ಕಾಣಲು ಗೌಡರಿರಲಿಲ್ಲ.