ರಕ್ತನಾಳಕ್ಕೆ ಹೊಲಿಗೆ ಹಾಕಿದ ವೈದ್ಯ ಅಲೆಕ್ಸಿಸ್ ಕ್ಯಾರೆಲ್

ಮೂತ್ರಪಿಂಡದ ಕಸಿ, ಹೃದಯದ ಕಸಿ ಎಂಬ ಮಾತುಗಳು ಇಂದು ನಮ್ಮ ಕುಟುಂಬಗಳಿಗೆ ಅಪರಿಚಿತವಲ್ಲ. ಒಬ್ಬರ ದೇಹದಿಂದ ತೆಗೆದ ಅಂಗವು ಮತ್ತೊಬ್ಬರ ದೇಹದಲ್ಲಿ ಬದುಕಿ ಕೆಲಸಮಾಡಬೇಕಾದರೆ ಮೊಟ್ಟಮೊದಲು ಆಗಬೇಕಾದ ಕಾರ್ಯವೊಂದಿದೆ. ಆ ಅಂಗದ ರಕ್ತನಾಳಗಳನ್ನು ಹೊಸ ದೇಹದ ರಕ್ತನಾಳಗಳೊಡನೆ ರಕ್ತ ಸೋರದಂತೆ, ಹೆಪ್ಪುಗಟ್ಟದಂತೆ ಜೋಡಿಸಬೇಕು. ಇದಕ್ಕೆ ನಂಬಿಕೆಗೆ ಅರ್ಹವಾದ ವಿಧಾನವನ್ನು ವೈದ್ಯಲೋಕಕ್ಕೆ ಕಲಿಸಿಕೊಟ್ಟವರು ಫ್ರಾನ್ಸ್ ದೇಶದ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್. ಕಥೋಲಿಕ ಮನೆತನದಲ್ಲಿ ಹುಟ್ಟಿ, ಯೌವನದಲ್ಲಿ ವಿಶ್ವಾಸದಿಂದ ದೂರ ಸರಿದು, ಲೂರ್ದಿನಲ್ಲಿ ಬೆರಗಾಗಿ, ಕೀರ್ತಿಯ ಶಿಖರವನ್ನೇರಿ, ಕೊನೆಗೆ ಕಳಂಕವನ್ನೂ ಹೊತ್ತು ತೀರಿಕೊಂಡ ಇವರ ಬಾಳು ಪುಣ್ಯಪುರುಷರ ಚರಿತ್ರೆಯಲ್ಲ. ಆದರೂ ಅಂಗದಾನದ ಬಗ್ಗೆ ಚಿಂತಿಸುವ ನಮಗೆ ಅದರಲ್ಲಿ ಕಲಿಯಬೇಕಾದ ಪಾಠವಿದೆ.

ಕ್ಯಾರೆಲ್ ಅವರು 1873ರ ಜೂನ್ 28ರಂದು ಲಿಯೋನ್ ನಗರದ ಬಳಿಯ ಸಾಂತ್ ಫುವಾ ಎಂಬ ಊರಿನಲ್ಲಿ ಜನಿಸಿದರು. ತಂದೆ ಬಟ್ಟೆ ತಯಾರಿಕೆಯ ಉದ್ಯಮಿ. ಮಗನಿಗೆ ಐದು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ವಿಧವೆಯಾದ ತಾಯಿ ಮಕ್ಕಳನ್ನು ಭಕ್ತಿಯಿಂದ ಬೆಳೆಸಿದರು. ಯೇಸುಸಭೆಯ ಗುರುಗಳ ಶಾಲೆಯಲ್ಲಿ ವಿದ್ಯಾಭ್ಯಾಸ ಮುಗಿಸಿದ ಬಾಲಕ ಲಿಯೋನ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಆರಿಸಿಕೊಂಡರು. ಕಣ್ಣಿಗೆ ಕಂಡದ್ದನ್ನು, ಅಳೆದು ತೂಗಬಹುದಾದುದನ್ನು ಮಾತ್ರ ನಂಬಬೇಕೆಂಬ ಅಂದಿನ ವಿಜ್ಞಾನದ ಗಾಳಿ ಅವರನ್ನೂ ಸೋಕಿತು. ಬಾಲ್ಯದ ವಿಶ್ವಾಸ ಮೆಲ್ಲಮೆಲ್ಲನೆ ಬತ್ತಿತು.

1894ರ ಜೂನ್ 24ರಂದು ಲಿಯೋನ್‌ನಲ್ಲಿ ಘೋರ ಕೃತ್ಯವೊಂದು ನಡೆಯಿತು. ನಗರಕ್ಕೆ ಆಗಮಿಸಿದ್ದ ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಸಾದಿ ಕಾರ್ನೋ ಅವರಿಗೆ ಹಂತಕನೊಬ್ಬ ಚೂರಿಯಿಂದ ಇರಿದನು. ಯಕೃತ್ತಿಗೆ ರಕ್ತವನ್ನೊಯ್ಯುವ ದೊಡ್ಡ ನಾಳ ತುಂಡಾಗಿತ್ತು. ದೇಶದ ಹೆಸರಾಂತ ಶಸ್ತ್ರವೈದ್ಯರು ಬಳಿಯಲ್ಲಿದ್ದರೂ ರಕ್ತಸ್ರಾವವನ್ನು ತಡೆಯಲಾಗಲಿಲ್ಲ. ದೊಡ್ಡ ರಕ್ತನಾಳವನ್ನು ಹೊಲಿದು ಸರಿಪಡಿಸುವ ಭರವಸೆಯ ವಿಧಾನವೇ ಅಂದು ಇರಲಿಲ್ಲ. ರಾಷ್ಟ್ರಾಧ್ಯಕ್ಷರ ಪ್ರಾಣ ಹೋಯಿತು. ಹರಿದ ಬಟ್ಟೆಯನ್ನು ಹೊಲಿಯಬಹುದಾದರೆ ಹರಿದ ರಕ್ತನಾಳವನ್ನು ಏಕೆ ಹೊಲಿಯಬಾರದೆಂಬ ಪ್ರಶ್ನೆ ಇಪ್ಪತ್ತೊಂದರ ಹರೆಯದ ವಿದ್ಯಾರ್ಥಿ ಕ್ಯಾರೆಲ್ ಅವರನ್ನು ಕಾಡತೊಡಗಿತು.

ಉತ್ತರವನ್ನು ಹುಡುಕುತ್ತಾ ಅವರು ಹೋದದ್ದು ವೈದ್ಯ ಪಂಡಿತರ ಬಳಿಗಲ್ಲ. ಲಿಯೋನ್ ನಗರ ರೇಷ್ಮೆಗೂ ಕಸೂತಿಗೂ ಪ್ರಸಿದ್ಧವಾಗಿತ್ತು. ಅಲ್ಲಿ ಕಸೂತಿಯಲ್ಲಿ ಹೆಸರು ಪಡೆದಿದ್ದ ಲೆರೂದಿಯೆ ಎಂಬ ಮಹಿಳೆಯಿಂದ ಅವರು ಸೂಜಿ ಹಿಡಿಯುವುದನ್ನು ಕಲಿತರು. ಅತಿ ಸಣ್ಣ ಸೂಜಿ, ಕೂದಲೆಳೆಯಂತಹ ರೇಷ್ಮೆ ದಾರ, ನೂಲು ಜಾರುವಂತೆ ಅದಕ್ಕೆ ಸವರಿದ ವ್ಯಾಸಲೀನು, ಇವೇ ಅವರ ಸಾಮಗ್ರಿಗಳು. ರಕ್ತನಾಳದ ದುಂಡನೆಯ ಬಾಯಿಯನ್ನು ಹೊಲಿಯುವುದು ಕಷ್ಟ. ಕ್ಯಾರೆಲ್ ಅವರು ಅಂಚಿನ ಮೂರು ಕಡೆ ದಾರ ಹಾಕಿ ಮೆಲ್ಲನೆ ಎಳೆದು ದುಂಡನ್ನು ತ್ರಿಕೋನವಾಗಿಸಿದರು. ಆಗ ಒಂದೊಂದು ಬದಿಯೂ ನೇರ ಗೆರೆಯಂತಾಗಿ ಹೊಲಿಗೆ ಸುಲಭವಾಯಿತು. ಅಂಚುಗಳನ್ನು ಹೊರಕ್ಕೆ ಮಡಚಿ ಹೊಲಿದುದರಿಂದ ನಾಳದ ನುಣುಪಾದ ಒಳಪದರಗಳು ಒಂದನ್ನೊಂದು ಕೂಡಿಕೊಂಡು, ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆಯಾಯಿತು. 1902ರಲ್ಲಿ ಈ ವಿಧಾನವನ್ನು ಅವರು ಪ್ರಕಟಿಸಿದರು. ಕಸಿ ಮಾಡುವ ವೈದ್ಯರು ಇಂದಿಗೂ ಹಾಕುವ ಹೊಲಿಗೆಗೆ ಅದೇ ಮೂಲ.

ಅದೇ 1902ರಲ್ಲಿ ಅವರ ಬಾಳಿಗೆ ಮತ್ತೊಂದು ತಿರುವು ಬಂತು. ಲಿಯೋನ್‌ನಿಂದ ಲೂರ್ದಿಗೆ ರೋಗಿಗಳನ್ನು ಕರೆದೊಯ್ಯುವ ಯಾತ್ರಾ ರೈಲಿನಲ್ಲಿ ಸಹೋದ್ಯೋಗಿಯೊಬ್ಬರ ಬದಲಿಗೆ ವೈದ್ಯರಾಗಿ ಅವರು ಹೊರಟರು. ಭಕ್ತಿಯಿಂದಲ್ಲ, ಕುತೂಹಲದಿಂದ. ರೈಲಿನಲ್ಲಿ ಮರಿ ಬಾಯಿ ಎಂಬ ಯುವತಿಯಿದ್ದಳು. ಹೊಟ್ಟೆಯ ಪೊರೆಗೆ ಕ್ಷಯ ತಗುಲಿ, ಹೊಟ್ಟೆ ಊದಿಕೊಂಡು, ಸಾವಿನ ಅಂಚಿನಲ್ಲಿದ್ದ ಆಕೆ ಬದುಕುವಳೆಂದು ಅವರು ನಂಬಿರಲಿಲ್ಲ. ಲೂರ್ದಿನಲ್ಲಿ ಸ್ನಾನಕೊಳದ ನೀರನ್ನು ಆಕೆಯ ಹೊಟ್ಟೆಯ ಮೇಲೆ ಸುರಿದರು. ಕ್ಯಾರೆಲ್ ಅವರು ಬಳಿಯಲ್ಲೇ ನಿಂತು ನೋಡುತ್ತಿದ್ದಂತೆ ಊತ ಇಳಿಯತೊಡಗಿತು, ನಾಡಿ ಸುಧಾರಿಸಿತು. ಆಕೆ ಗುಣಮುಖಳಾಗಿ, ಬಡವರ ಸೇವೆಗೆ ಮುಡಿಪಾದ ಕನ್ಯಾಮಠವನ್ನು ಸೇರಿ, 1937ರವರೆಗೆ ಬದುಕಿದಳು. ಧರ್ಮಸಭೆ ಈ ಗುಣವನ್ನು ಪವಾಡಗಳ ಅಧಿಕೃತ ಪಟ್ಟಿಗೆ ಸೇರಿಸಲಿಲ್ಲ. ಆದರೆ ಕ್ಯಾರೆಲ್ ಅವರು ತಾವು ಕಂಡದ್ದನ್ನು ಮುಚ್ಚಿಡಲಿಲ್ಲ. ಲೂರ್ದನ್ನು ಅಪಹಾಸ್ಯ ಮಾಡುತ್ತಿದ್ದ ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ. ವಿವರಣೆಯಿಲ್ಲದೆ ಒಪ್ಪಿಕೊಂಡದ್ದು ಕೆಲವು ಧರ್ಮಶ್ರದ್ಧರಿಗೂ ಸಾಲದಾಯಿತು. ಲಿಯೋನ್‌ನಲ್ಲಿ ತಮಗೆ ಭವಿಷ್ಯವಿಲ್ಲವೆಂದು ಮನಗಂಡು 1904ರಲ್ಲಿ ಅವರು ಸಮುದ್ರ ದಾಟಿ ಕೆನಡಾಕ್ಕೆ ಹೋದರು.

ಅಲ್ಲಿಂದ ಅಮೆರಿಕದ ಚಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದು ಚಾರ್ಲ್ಸ್ ಗತ್ರೀ ಅವರೊಡನೆ ನಾಯಿಗಳ ಮೇಲೆ ಮೂತ್ರಪಿಂಡ, ಹೃದಯ ಮೊದಲಾದವುಗಳ ಕಸಿಯ ಪ್ರಯೋಗಗಳನ್ನು ನಡೆಸಿದರು. 1906ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಶೋಧನಾ ಸಂಸ್ಥೆ ಅವರನ್ನು ಬರಮಾಡಿಕೊಂಡಿತು. 1908ರ ಒಂದು ರಾತ್ರಿ, ರಕ್ತಸ್ರಾವದಿಂದ ಸಾಯುತ್ತಿದ್ದ ಹಸುಗೂಸೊಂದನ್ನು ಉಳಿಸಲು ಅವರನ್ನು ಕರೆಸಿದರು. ತಂದೆಯನ್ನು ಮಗುವಿನ ಪಕ್ಕದಲ್ಲಿ ಮಲಗಿಸಿ, ತಂದೆಯ ಕೈಯ ರಕ್ತನಾಳವನ್ನು ಮಗುವಿನ ಕಾಲಿನ ನಾಳಕ್ಕೆ ಹೊಲಿದರು. ತಂದೆಯ ರಕ್ತ ಹರಿದು ಬಂದಂತೆ ಬಿಳಿಚಿದ್ದ ಮೈ ಕೆಂಪೇರಿ ಮಗು ಬದುಕಿತು. ಜೀವವನ್ನು ಹಂಚಿಕೊಳ್ಳುವುದೆಂದರೇನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಕೆ?

1912ರಲ್ಲಿ ಮೂವತ್ತೊಂಬತ್ತನೆಯ ವಯಸ್ಸಿಗೆ ಅವರಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಕಸಿಯ ದಾರಿಯಲ್ಲಿ ದೊಡ್ಡ ಬಂಡೆಯೊಂದು ಅಡ್ಡಲಾಗಿರುವುದನ್ನು ಅವರೇ ಕಂಡುಕೊಂಡಿದ್ದರು. ಪ್ರಾಣಿಯ ಮೂತ್ರಪಿಂಡವನ್ನು ತೆಗೆದು ಅದೇ ಪ್ರಾಣಿಗೆ ಮತ್ತೆ ಜೋಡಿಸಿದರೆ ಅದು ಬದುಕುತ್ತಿತ್ತು. ಬೇರೊಂದು ಪ್ರಾಣಿಗೆ ಜೋಡಿಸಿದರೆ ಹೊಲಿಗೆ ಎಷ್ಟೇ ಚೊಕ್ಕವಾಗಿದ್ದರೂ ಕೆಲಕಾಲದಲ್ಲಿ ನಾಶವಾಗುತ್ತಿತ್ತು. ದೇಹವು ಪರರ ಅಂಗವನ್ನು ತನ್ನದಲ್ಲವೆಂದು ಗುರುತಿಸಿ ತಿರಸ್ಕರಿಸುತ್ತದೆ. ಸೂಜಿ ದಾರಗಳ ಸಮಸ್ಯೆ ಬಗೆಹರಿದಿದ್ದರೂ ಈ ತಿರಸ್ಕಾರದ ಒಗಟನ್ನು ಬಿಡಿಸಲು ಅವರಿಂದಾಗಲಿಲ್ಲ.

ಮೊದಲ ಮಹಾಯುದ್ಧದಲ್ಲಿ ತಾಯ್ನಾಡಿಗೆ ಮರಳಿ, ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹೆನ್ರಿ ಡೇಕಿನ್ ಅವರೊಡನೆ ಸೈನಿಕರ ಕೊಳೆತ ಗಾಯಗಳನ್ನು ತೊಳೆಯುವ ಚಿಕಿತ್ಸಾಕ್ರಮವನ್ನು ರೂಪಿಸಿದರು. ಪೆನಿಸಿಲಿನ್ ಇಲ್ಲದ ಆ ಕಾಲದಲ್ಲಿ ಅದು ಅನೇಕರ ಕೈಕಾಲುಗಳನ್ನೂ ಪ್ರಾಣವನ್ನೂ ಉಳಿಸಿತು. ಮುಂದೆ, ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ವಿಮಾನದಲ್ಲಿ ದಾಟಿ ಪ್ರಸಿದ್ಧರಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಜೊತೆಗೂಡಿ, ದೇಹದಿಂದ ಹೊರತೆಗೆದ ಅಂಗವನ್ನು ಜೀವಂತವಾಗಿ ಕಾಪಾಡುವ ಗಾಜಿನ ಯಂತ್ರವನ್ನು 1935ರಲ್ಲಿ ಲೋಕಕ್ಕೆ ತೋರಿಸಿದರು.

ಇಲ್ಲಿಯವರೆಗೆ ನಾವು ಕಂಡದ್ದು ಕ್ಯಾರೆಲ್ ಅವರ ಕೈಗಳನ್ನು. ಅವರ ಲೇಖನಿಯ ಕಥೆ ಬೇರೆ. ಅದೇ 1935ರಲ್ಲಿ ಮನುಷ್ಯನನ್ನು ಕುರಿತು ಅವರು ಬರೆದ ಗ್ರಂಥ ಲೋಕಪ್ರಸಿದ್ಧವಾಯಿತು. ಅದರಲ್ಲಿ ಪ್ರಾರ್ಥನೆಯ ಹಿರಿಮೆಯೂ ಇತ್ತು. ಜೊತೆಗೆ ಬಲಿಷ್ಠರನ್ನು ಬೆಳೆಸಿ, ದುರ್ಬಲರನ್ನು ಸಮಾಜಕ್ಕೆ ಹೊರೆಯೆಂದು ಕಾಣುವ ವಿಷವೂ ಇತ್ತು. ಘೋರ ಅಪರಾಧಿಗಳನ್ನು ಅನಿಲದಿಂದ ಕೊನೆಗಾಣಿಸುವ ಸಲಹೆಯನ್ನೂ ಅವರು ಕೊಟ್ಟಿದ್ದರು. ಮರುವರ್ಷದ ಜರ್ಮನ್ ಆವೃತ್ತಿಯಲ್ಲಿ ನಾಜಿ ಸರಕಾರದ ಕ್ರಮಗಳನ್ನು ಮೆಚ್ಚಿ ಬರೆದರು. ಹಿಟ್ಲರನ ಆಳ್ವಿಕೆ ಅಂಗವಿಕಲರನ್ನೂ ಮಾನಸಿಕ ರೋಗಿಗಳನ್ನೂ ಸಾವಿರಾರು ಸಂಖ್ಯೆಯಲ್ಲಿ ಕೊಂದಿತೆಂಬುದನ್ನು ನೆನೆದರೆ ಆ ಬರಹವನ್ನು ಹಗುರಾಗಿ ಕಾಣಲಾಗದು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರಿಗೆ ಮಣಿದ ವಿಶೀ ಸರಕಾರದ ಆಶ್ರಯದಲ್ಲಿ 1941ರಲ್ಲಿ ಅವರು ಒಂದು ಸಂಶೋಧನಾ ಪ್ರತಿಷ್ಠಾನದ ಮುಖ್ಯಸ್ಥರಾದರು. 1944ರಲ್ಲಿ ಪ್ಯಾರಿಸ್ ವಿಮೋಚನೆಗೊಂಡಾಗ ಆ ಸ್ಥಾನ ಹೋಗಿ ಆರೋಪ ಹೊರಬೇಕಾಯಿತು. ವಿಚಾರಣೆಗೆ ಮೊದಲೇ, 1944ರ ನವೆಂಬರ್ 5ರಂದು, ಧರ್ಮಸಭೆಯ ಕಡೆಯ ಸಂಸ್ಕಾರಗಳನ್ನು ಸ್ವೀಕರಿಸಿ ಅವರು ಕಣ್ಮುಚ್ಚಿದರು. ಬಾಲ್ಯದ ವಿಶ್ವಾಸಕ್ಕೆ ಅವರು ಹಿಂದಿರುಗಿದ್ದರು. ಅಂತರಂಗದ ತೀರ್ಪು ದೇವರದು. ಆದರೆ ಬರೆದ ಮಾತು ಉಳಿಯುತ್ತದೆ. 1996ರಲ್ಲಿ ಲಿಯೋನ್‌ನ ವೈದ್ಯಕೀಯ ಕಾಲೇಜಿನಿಂದ ಅವರ ಹೆಸರನ್ನು ತೆಗೆದುಹಾಕಲಾಯಿತು.

ಕ್ಯಾರೆಲ್ ಅವರು ಬಿಟ್ಟುಹೋದ ಒಗಟನ್ನು ಇತರರು ಬಿಡಿಸಿದರು. ಅವರಲ್ಲಿ ಪ್ರಮುಖರು ಅಮೆರಿಕದ ಶಸ್ತ್ರವೈದ್ಯ ಜೋಸೆಫ್ ಮರ್ರೆ. ಇವರೂ ಯೇಸುಸಭೆಯವರ ಕಾಲೇಜಿನಲ್ಲಿ ಕಲಿತ, ಬಾಳಿನುದ್ದಕ್ಕೂ ಧರ್ಮನಿಷ್ಠರಾಗಿದ್ದ ಕಥೋಲಿಕರು. ಆರೋಗ್ಯವಂತನೊಬ್ಬನ ದೇಹಕ್ಕೆ ಪರರ ಹಿತಕ್ಕಾಗಿ ಕತ್ತಿ ಹಾಕುವುದು ಸರಿಯೇ ಎಂದು ಅವರು ಧರ್ಮಗುರುಗಳನ್ನೂ ವಿಚಾರಿಸಿದರು. 1954ರ ಡಿಸೆಂಬರ್ 23ರಂದು, ಕ್ರಿಸ್ತಜಯಂತಿಗೆ ಎರಡು ದಿನವಿರುವಾಗ, ಬಾಸ್ಟನ್ ನಗರದಲ್ಲಿ ರೊನಾಲ್ಡ್ ಹೆರಿಕ್ ಎಂಬ ಯುವಕನ ಒಂದು ಮೂತ್ರಪಿಂಡವನ್ನು, ಸಾವಿನ ಹಾದಿಯಲ್ಲಿದ್ದ ಅವನ ಅವಳಿ ಸಹೋದರ ರಿಚರ್ಡ್‌ಗೆ ಜೋಡಿಸಲಾಯಿತು. ತದ್ರೂಪ ಅವಳಿಗಳಾದುದರಿಂದ ದೇಹ ಅದನ್ನು ತಿರಸ್ಕರಿಸಲಿಲ್ಲ. ರಿಚರ್ಡ್ ತನ್ನನ್ನು ಉಪಚರಿಸಿದ ದಾದಿಯನ್ನೇ ಮದುವೆಯಾಗಿ, ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ ಎಂಟು ವರ್ಷ ಬದುಕಿದರು. ದಾನಿ ರೊನಾಲ್ಡ್ ಒಂದೇ ಮೂತ್ರಪಿಂಡದೊಡನೆ 79 ವರ್ಷದವರೆಗೆ ಬಾಳಿ 2010ರಲ್ಲಿ ತೀರಿಕೊಂಡರು. ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ದೊರೆಯಿತು. ತಿರಸ್ಕಾರವನ್ನು ಹತೋಟಿಯಲ್ಲಿಡುವ ಔಷಧಿಗಳು ಬಂದ ಮೇಲೆ ರಕ್ತಸಂಬಂಧವಿಲ್ಲದವರ ಅಂಗಗಳೂ, ಮೃತರ ಅಂಗಗಳೂ ಜೀವ ಉಳಿಸತೊಡಗಿದವು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡದ ಕಸಿಯೂ, 1994ರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಹೃದಯದ ಕಸಿಯೂ ಯಶಸ್ವಿಯಾದವು.

ಧರ್ಮಸಭೆಯ ನಿಲುವೇನೆಂದು ಕೇಳುವವರು ಇಂದಿಗೂ ಇದ್ದಾರೆ. ಜಗದ್ಗುರು ಹನ್ನೆರಡನೆಯ ಪಿಯೂಸ್ ಅವರು 1956ರಲ್ಲೇ ನೇತ್ರದಾನಿಗಳ ಸಂಘದವರನ್ನು ಬರಮಾಡಿಕೊಂಡು ಆ ದಾನವನ್ನು ಧರ್ಮಸಮ್ಮತವೆಂದು ಸಾರಿದರು. ಜಗದ್ಗುರು ಎರಡನೆಯ ಜಾನ್ ಪಾಲ್ ಅವರು 1995ರ ವಿಶ್ವಪತ್ರದಲ್ಲಿ ಅಂಗದಾನವನ್ನು ಜೀವಸಂಸ್ಕೃತಿಯನ್ನು ಕಟ್ಟುವ ದಿನನಿತ್ಯದ ವೀರಕಾರ್ಯಗಳಲ್ಲಿ ಒಂದೆಂದು ಎಣಿಸಿದರು. 2000ದ ಆಗಸ್ಟ್‌ನಲ್ಲಿ ರೋಮಿನಲ್ಲಿ ಕೂಡಿದ್ದ ಕಸಿತಜ್ಞರ ಮುಂದೆ ಅವರು ಷರತ್ತುಗಳನ್ನು ಬಿಡಿಸಿ ಹೇಳಿದರು. ದಾನವು ತಿಳಿದು, ಸ್ವಇಚ್ಛೆಯಿಂದ ಕೊಟ್ಟದ್ದಾಗಿರಬೇಕು. ಅಂಗವು ಮಾರಾಟದ ಸರಕಾಗಬಾರದು. ಜೀವಕ್ಕೆ ಅತ್ಯಗತ್ಯವಾದ ಅಂಗವನ್ನು ತೆಗೆಯುವ ಮೊದಲು ಮರಣ ಖಚಿತವಾಗಿರಬೇಕು. ಅಂಗವನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವಾಗ ಜನಾಂಗ, ಧರ್ಮ, ಅಂತಸ್ತುಗಳನ್ನಾಗಲಿ, ರೋಗಿಯು ಸಮಾಜಕ್ಕೆ ಎಷ್ಟು ಉಪಯುಕ್ತನೆಂಬುದನ್ನಾಗಲಿ ನೋಡಬಾರದು.

ಈ ಕೊನೆಯ ಮಾತಿನಲ್ಲಿ ಕ್ಯಾರೆಲ್ ಅವರ ಲೇಖನಿಗೆ ಉತ್ತರವಿದೆ. ಕೆಲವರ ಜೀವ ಬೆಲೆಯುಳ್ಳದ್ದು, ಕೆಲವರದು ಹೊರೆ ಎಂದು ಎಣಿಸುವ ಮನಸ್ಸಿನ ಕೈಗೆ ಕಸಿಯ ವಿದ್ಯೆ ಸಿಕ್ಕರೆ ದುರ್ಬಲನ ದೇಹ ಬಲಿಷ್ಠನ ಉಗ್ರಾಣವಾದೀತು. ಬಡವನ ಮೂತ್ರಪಿಂಡವನ್ನು ಹಣವಂತನಿಗೆ ಮಾರಿಸುವ ದಲ್ಲಾಳಿಗಳು ನಮ್ಮ ದೇಶದಲ್ಲೂ ಇದ್ದರು. ಅದನ್ನು ತಡೆಯಲೆಂದೇ 1994ರಲ್ಲಿ ಸಂಸತ್ತು ಅಂಗಾಂಗ ಕಸಿ ಕಾಯಿದೆಯನ್ನು ಅಂಗೀಕರಿಸಿ ಮಾರಾಟವನ್ನು ಅಪರಾಧವೆಂದು ಸಾರಿತು. ಮೆದುಳು ಸತ್ತಿದೆಯೆಂಬುದನ್ನು ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕೆಂದೂ ವಿಧಿಸಲಾಗಿದೆ. ನಮ್ಮ ರಾಜ್ಯದಲ್ಲಿ ಮೃತರ ಅಂಗಗಳ ದಾನವನ್ನೂ ಹಂಚಿಕೆಯನ್ನೂ ಜೀವಸಾರ್ಥಕತೆ ಎಂಬ ಸಂಸ್ಥೆ ನಿರ್ವಹಿಸುತ್ತದೆ.

ಮರಣಾನಂತರ ಅಂಗ ಕೊಟ್ಟರೆ ಪುನರುತ್ಥಾನದ ದಿನ ದೇಹ ಅಪೂರ್ಣವಾದೀತೆಂದು ಅಂಜುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಅವರನ್ನು ನಗುವುದು ತರವಲ್ಲ. ಮಣ್ಣಿನಲ್ಲಿ ಮಣ್ಣಾದ ದೇಹವನ್ನೇ ಎಬ್ಬಿಸಬಲ್ಲ ದೇವರಿಗೆ, ಪ್ರೀತಿಯಿಂದ ಕೊಟ್ಟ ಕಣ್ಣೊಂದು ಕೊರತೆಯಾಗದೆಂದು ತಾಳ್ಮೆಯಿಂದ ತಿಳಿಹೇಳಬೇಕು. ದೇಹವನ್ನು ಗೌರವದಿಂದ ಹೊಲಿದು ಕುಟುಂಬಕ್ಕೆ ಒಪ್ಪಿಸುತ್ತಾರೆ. ಅಂತಿಮ ದರ್ಶನಕ್ಕಾಗಲಿ, ಬಲಿಪೂಜೆಗಾಗಲಿ, ಸಮಾಧಿಗಾಗಲಿ ಅಡ್ಡಿಯಿಲ್ಲ. ಕೊಡಲು ಮನಸ್ಸಿಲ್ಲದವರನ್ನು ಬಲವಂತಪಡಿಸುವುದೂ ಸಲ್ಲದು. ಬಲವಂತದಿಂದ ಪಡೆದದ್ದು ದಾನವೇ ಅಲ್ಲ.

ನಮ್ಮ ದೇಶದಲ್ಲಿ ದಾನಪತ್ರಕ್ಕೆ ಸಹಿ ಹಾಕಿದ್ದರೂ ಕಡೆಗೆ ಒಪ್ಪಿಗೆ ಕೊಡಬೇಕಾದವರು ಮನೆಯವರು. ತೀವ್ರನಿಗಾ ಘಟಕದ ಬಾಗಿಲಲ್ಲಿ, ಮಗನನ್ನೋ ಮಡದಿಯನ್ನೋ ಕಳೆದುಕೊಂಡ ಗಳಿಗೆಯಲ್ಲಿ, ಆ ಪ್ರಶ್ನೆಯನ್ನು ಮೊದಲ ಬಾರಿಗೆ ಕೇಳಿಸಿಕೊಳ್ಳುವುದು ಬಹು ಕಠಿಣ. ಮೃತರ ಇಚ್ಛೆ ಏನಿತ್ತೆಂದು ತಿಳಿದಿದ್ದರೆ ಆ ಹೊರೆ ಅರ್ಧ ಇಳಿದಂತೆ. ಕ್ಯಾರೆಲ್ ಅವರು ತೀರಿಕೊಂಡ ನವೆಂಬರ್ ತಿಂಗಳು ನಮ್ಮಲ್ಲಿ ಮೃತರ ಸ್ಮರಣೆಗೆ ಮೀಸಲಾದುದು. ಸಮಾಧಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಮನೆಗೆ ಮರಳಿದ ಸಂಜೆ, ಜಪಸರ ಮುಗಿದ ಮೇಲೆ, ಗಂಡ ಹೆಂಡತಿ ಮಕ್ಕಳು ಕುಳಿತು ಈ ವಿಷಯವನ್ನು ನಿರ್ಭಯವಾಗಿ ಮಾತನಾಡಿಕೊಳ್ಳಲಿ. ಒಪ್ಪುವವರು ಒಪ್ಪಲಿ, ಸಂಶಯವಿದ್ದವರು ತಮ್ಮ ಧರ್ಮಕೇಂದ್ರದ ಗುರುಗಳನ್ನೂ ವೈದ್ಯರನ್ನೂ ಕೇಳಲಿ. ರಕ್ತನಾಳಗಳನ್ನು ಕೂಡಿಸುವ ಹೊಲಿಗೆಯನ್ನು ಕ್ಯಾರೆಲ್ ಅವರು ಕಲಿಸಿಹೋದರು. ಯಾರ ಜೀವವೂ ಹೊರೆಯಲ್ಲವೆಂದು ಒಪ್ಪಿ ಕೊಡುವ ಮನಸ್ಸನ್ನು ಮಾತ್ರ ನಾವು ನಮ್ಮ ಮನೆಗಳಲ್ಲೇ ಬೆಳೆಸಬೇಕು.