ದೊಡ್ಡ ಸ್ವಾಮಿಯವರು: ಅಬ್ಬೆ ದುಬ್ವಾ ಅವರ ಜೀವನ

ನಮ್ಮ ದೇವಾಲಯದ ಶತಮಾನೋತ್ಸವದ ಈ ಸಂಚಿಕೆಯಲ್ಲಿ, ದೂರದ ಮೈಸೂರು ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆ ದುಡಿದ ಪರದೇಶದ ಧರ್ಮಗುರುವೊಬ್ಬರ ಜೀವನವನ್ನು ಬರೆಯಲು ನಾವು ಹೊರಟಿರುವುದು ಕೆಲವರಿಗೆ ಸೋಜಿಗವೆನಿಸೀತು. ಆದರೆ ಕಲಬುರಗಿಯ ಕ್ರೈಸ್ತಸಭೆಗಾಗಿ ಬೆವರು ಸುರಿಸಿದವರನ್ನು ನೆನೆಯುವಾಗ ನಮ್ಮ ಕಣ್ಣಮುಂದೆ ಬರುವವರಲ್ಲಿ ಅನೇಕರು ಹೊರಗಿನಿಂದ ಬಂದವರೇ. 2005ರಲ್ಲಿ ಕಲಬುರಗಿ ಪ್ರತ್ಯೇಕ ಧರ್ಮಪ್ರಾಂತ್ಯವಾಗುವುದಕ್ಕೆ ಮೊದಲೂ, ಆದ ಬಳಿಕವೂ, ಎಲ್ಲೆಲ್ಲಿಂದಲೋ ಗುರುಗಳೂ ಭಗಿನಿಯರೂ ಇಲ್ಲಿಗೆ ಬಂದಿದ್ದಾರೆ. ಕುಚ್ಚಲಕ್ಕಿಯ ಅನ್ನವನ್ನೂ ಮೀನುಸಾರನ್ನೂ ಉಂಡು ಬೆಳೆದವರು ರೈಲಿನಿಂದಿಳಿದು, ನಮ್ಮ ಬೇಸಗೆಯ ಬಿಸಿಲಿಗೆ ಮೈಯೊಡ್ಡಿ, ಕಮಲಾಪುರದ ಕಡೆಯ ಹಳ್ಳಿಗಳಲ್ಲಿ ಜೋಳದ ರೊಟ್ಟಿ ಪುಂಡಿಪಲ್ಯದ ತಟ್ಟೆಯ ಮುಂದೆ ಕುಳಿತದ್ದನ್ನು ನಾವು ಕಂಡಿದ್ದೇವೆ. ಪುಸ್ತಕದಿಂದ ಕಲಿತ ಅವರ ಕನ್ನಡವು ನಮ್ಮ ಓಣಿಯ ಮಾತಿನ ಮುಂದೆ ತಡವರಿಸಿದ್ದನ್ನೂ ಕಂಡಿದ್ದೇವೆ. ಕಮಲಾಪುರದ ಕೆಂಪು ಬಾಳೆಯ ಹಣ್ಣನ್ನು ಮೊದಲ ಸಲ ನೋಡಿ, ಇದು ಹಣ್ಣಾಗಿದೆಯೋ ಕೆಟ್ಟಿದೆಯೋ ಎಂದು ಅನುಮಾನಿಸಿದವರೂ ಉಂಟು. ಒಂದೆರಡು ವರ್ಷಗಳಲ್ಲಿ ಅವರು ನಮ್ಮವರಾದರು. ಹೀಗೆ ಪರನಾಡಿನಲ್ಲಿ ನೆಲೆನಿಂತು ಅಲ್ಲಿಯವರಾಗುವ ಕಷ್ಟವನ್ನು ಕನ್ನಡ ನಾಡಿನಲ್ಲಿ ಬಾಳಿ ತೋರಿದವರಲ್ಲಿ ಬಹು ಪ್ರಸಿದ್ಧರು ಅಬ್ಬೆ ದುಬ್ವಾ ಅವರು. ಅವರ ಬಾಳಿನಲ್ಲಿ ಗೆಲುವೂ ಇದೆ, ಅವರೇ ಒಪ್ಪಿಕೊಂಡ ಸೋಲೂ ಇದೆ. ಎರಡನ್ನೂ ಮರೆಮಾಚದೆ ಹೇಳಲು ನಾವು ಯತ್ನಿಸಿದ್ದೇವೆ.

ಜಾನ್ ಆಂತ್ವಾನ್ ದುಬ್ವಾ ಅವರು 1766ರ ಆರಂಭದಲ್ಲಿ ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿರುವ ಸೇಂಟ್ ರೆಮೇಜ್ ಎಂಬ ಊರಿನಲ್ಲಿ ಜನಿಸಿದರು. ಅಬ್ಬೆ ಎಂಬುದು ಹೆಸರಲ್ಲ. ಫ್ರೆಂಚರು ಧರ್ಮಗುರುಗಳನ್ನು ಗೌರವದಿಂದ ಕರೆಯುವ ಮಾತು. ನಮ್ಮ ಪ್ರಭು ಯೇಸುಸ್ವಾಮಿ ಪರಮಪಿತನನ್ನು ಕರೆದ ಅಬ್ಬಾ ಎಂಬ ಮಾತೇ ಅದರ ಮೂಲ. ಹಳಗನ್ನಡದಲ್ಲಿ ಅಬ್ಬೆ ಎಂದರೆ ತಾಯಿ ಎಂಬುದನ್ನು ನೆನೆದಾಗ, ಈ ಗುರುವಿಗೆ ಕನ್ನಡ ನಾಡು ಮೊದಲೇ ಹೆಸರನ್ನು ಕಾಯ್ದಿರಿಸಿತ್ತೋ ಎಂದು ನಮಗೆ ತೋರುವುದುಂಟು.

1792ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಆಗ ಫ್ರಾನ್ಸಿನಲ್ಲಿ ಮಹಾಕ್ರಾಂತಿಯ ಜ್ವಾಲೆ ಹಬ್ಬಿತ್ತು. ಹೊಸ ಸರ್ಕಾರದ ಕಟ್ಟಳೆಗೆ ಪ್ರಮಾಣ ಮಾಡಲೊಪ್ಪದ ಗುರುಗಳಿಗೆ ಸೆರೆಯೋ ದೇಶಭ್ರಷ್ಟತೆಯೋ ಕಾದಿತ್ತು. ಅದೇ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಅನೇಕ ಗುರುಗಳು ಕೊಲೆಯಾದರು. ಇಪ್ಪತ್ತಾರರ ತರುಣ ಗುರು ಪ್ಯಾರಿಸ್ಸಿನ ವಿದೇಶ ಪ್ರೇಷಿತರ ಸಂಘದ ವತಿಯಿಂದ ಭಾರತದ ಹಡಗನ್ನೇರಿದರು. ತಾಯ್ನಾಡಿನಲ್ಲಿ ಪೂಜೆ ಮಾಡಲೂ ನೆಲೆಯಿಲ್ಲದಂತಾದ ದಿನಗಳವು.

ಪುದುಚೇರಿಯಲ್ಲಿ ಇಳಿದ ಅವರು ಮೊದಲ ಆರೇಳು ವರ್ಷಗಳನ್ನು ತಮಿಳು ಸೀಮೆಯಲ್ಲಿ ಕಳೆದರು. ಇಲ್ಲಿ ಕಾಲಿಟ್ಟ ಕೂಡಲೇ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಜನರು ಪರಂಗಿಯವರಿಗೆ ಅಂಜುತ್ತಿದ್ದರು, ಅವರೊಡನೆ ವ್ಯಾಪಾರ ಮಾಡುತ್ತಿದ್ದರು, ಆದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ. ಗೋಮಾಂಸ, ಹೆಂಡ, ಕಾಲಲ್ಲಿ ಸದಾ ಚರ್ಮದ ಜೋಡು, ಇವಿದ್ದಲ್ಲಿ ನೆರೆಹೊರೆಯ ವಿಶ್ವಾಸ ದೊರೆಯದು. ಅದಕ್ಕಾಗಿ ಅವರು ಇಲ್ಲಿಯವರಂತೆಯೇ ಬಾಳುವ ನೇಮವನ್ನು ಕೈಕೊಂಡರು. ಉಡುಪು ಇಲ್ಲಿಯದಾಯಿತು, ಊಟ ಇಲ್ಲಿಯದಾಯಿತು. ಕುಳಿತುಕೊಳ್ಳುವ, ವಂದಿಸುವ, ಮಾತಿಗೆ ತೊಡಗುವ ರೀತಿಗಳನ್ನು ಅವರು ಮಗುವಿನಂತೆ ಮೊದಲಿನಿಂದ ಕಲಿತರು. ತಮಗೆ ಒಪ್ಪದ ಆಚಾರವನ್ನು ಕಂಡರೂ ಮುಖದಲ್ಲಿ ಅಸಹ್ಯವನ್ನು ತೋರಗೊಡಲಿಲ್ಲ. ಚಿತ್ರಕಾರ ತಾಮಸ್ ಹಿಕಿ ಬರೆದ ಅವರ ಚಿತ್ರವೊಂದು ಉಳಿದಿದೆ. ಅದರಲ್ಲಿಯೂ ಅವರು ದೇಶೀಯ ಉಡುಪಿನಲ್ಲಿಯೇ ಇದ್ದಾರೆ. ಈ ಮಾರ್ಗ ಅವರೇ ಕಂಡುಹಿಡಿದುದೇನಲ್ಲ. 17ನೆಯ ಶತಮಾನದಲ್ಲಿ ಮಧುರೆಯಲ್ಲಿ ರಾಬರ್ಟ್ ದ ನೊಬಿಲಿ, ಶ್ರೀರಂಗಪಟ್ಟಣದಲ್ಲಿ ಲಿಯೊನಾರ್ಡೊ ಚಿನ್ನಮಿ ಮೊದಲಾದ ಯೇಸುಸಭೆಯ ಗುರುಗಳು ಈ ನಾಡಿನಲ್ಲಿ ದುಡಿದು ದಾರಿ ತೆರೆದಿದ್ದರು. ಆದರೆ 1773ರಲ್ಲಿ ಯೇಸುಸಭೆಯೇ ರದ್ದಾಗಿ ಆ ದಾರಿಯಲ್ಲಿ ಹುಲ್ಲು ಬೆಳೆದಿತ್ತು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪೂ ಸುಲ್ತಾನ್ ಮಡಿದ ಮೇಲೆ ದುಬ್ವಾ ಅವರ ನಿಜವಾದ ಕೆಲಸ ಆರಂಭವಾಯಿತು. 1784ರಲ್ಲಿ ಕರಾವಳಿಯಿಂದ ಸೆರೆಯಾಳುಗಳಾಗಿ ಘಟ್ಟ ಹತ್ತಿದ ಸಾವಿರಾರು ಕ್ರೈಸ್ತರಲ್ಲಿ ಬದುಕುಳಿದವರೂ, ಮೈಸೂರು ಸೀಮೆಯ ಹಳೆಯ ಕ್ರೈಸ್ತರೂ, ಗುರುವಿಲ್ಲದೆ, ದೇವಾಲಯವಿಲ್ಲದೆ ಚದುರಿಹೋಗಿದ್ದರು. ಬಲವಂತದಿಂದ ಧರ್ಮ ಬಿಟ್ಟವರು ಮರಳಿ ಬರಲು ನಾಚುತ್ತಿದ್ದರು. ಕರ್ನಲ್ ಆರ್ಥರ್ ವೆಲ್ಲೆಸ್ಲಿಯವರ ಕರೆಯ ಮೇರೆಗೆ ದುಬ್ವಾ ಶ್ರೀರಂಗಪಟ್ಟಣಕ್ಕೆ ಬಂದರು. ಇವರೇ ಮುಂದೆ ವೆಲಿಂಗ್ಟನ್ ದೊರೆಯೆಂದು ಹೆಸರಾಗಿ ನೆಪೋಲಿಯನ್ನನನ್ನು ಸೋಲಿಸಿದವರು. ಫ್ರಾನ್ಸಿನೊಡನೆ ಇಂಗ್ಲೆಂಡು ಯುದ್ಧದಲ್ಲಿ ತೊಡಗಿದ್ದ ಆ ಕಾಲದಲ್ಲಿ ಇಂಗ್ಲಿಷ್ ಸೇನಾನಿಯೊಬ್ಬ ಫ್ರೆಂಚ್ ಗುರುವನ್ನು ನಂಬಿ ಕರೆದದ್ದು ಸಣ್ಣ ಮಾತಲ್ಲ. ಸುಮಾರು 1800 ಮಂದಿಯನ್ನು ಅವರು ಮತ್ತೆ ಸಭೆಯೊಳಕ್ಕೆ ಕರೆತಂದರೆಂದು ಚರಿತ್ರೆ ಹೇಳುತ್ತದೆ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವರ ಹೆಸರಿನಿಂದಲೇ ಜನರು ಗುರುತಿಸುವ ದೇವಾಲಯವಿದೆ.

ತಮಿಳಿನ ಮೇಲೆ ಈಗ ಕನ್ನಡವೂ ಸೇರಿತು. ಚದುರಿದ ಮನೆಗಳನ್ನು ಹುಡುಕಿಕೊಂಡು ಊರಿಂದೂರಿಗೆ ಅಲೆಯುವುದು, ಸಿಕ್ಕಿದ್ದನ್ನು ಉಣ್ಣುವುದು, ಜಗಲಿಯಲ್ಲಿ ಕುಳಿತು ಕ್ರೈಸ್ತರೊಡನೆಯೂ ಕ್ರೈಸ್ತರಲ್ಲದವರೊಡನೆಯೂ ಗಂಟೆಗಟ್ಟಲೆ ಮಾತನಾಡುವುದು, ಇದೇ ಅವರ ದಿನಚರಿ. ಎಲ್ಲ ಜಾತಿಯವರೂ ಅವರನ್ನು ದೊಡ್ಡ ಸ್ವಾಮಿಯವರೆಂದು ಕರೆದರು. ಪರಂಗಿ ಎಂಬ ಮಾತು ಎಂದು ಬಿದ್ದುಹೋಗಿ ಸ್ವಾಮಿ ಎಂಬ ಮಾತು ಎಂದು ಬಂದಿತೆಂಬುದನ್ನು ಯಾವ ದಾಖಲೆಯೂ ಹಿಡಿದಿಡಲಾರದು. ಅದು ಒಂದು ದಿನದ ಕೆಲಸವಲ್ಲ ಎಂಬುದನ್ನು ಮಾತ್ರ, ಹೊರಗಿನಿಂದ ಬಂದು ನಮ್ಮೊಡನೆ ಬಾಳಿದವರನ್ನು ಕಂಡ ನಾವು ಬಲ್ಲೆವು.

ಆ ವಿಶ್ವಾಸವು ಏತಕ್ಕೆ ಒದಗಿತೆಂಬುದು ಸಿಡುಬಿನ ಕಾಲದಲ್ಲಿ ತಿಳಿಯಿತು. ಹಸುವಿನ ಸಿಡುಬಿನ ಕೀವನ್ನು ತೋಳಿಗೆ ಹಾಕಿ ಮನುಷ್ಯರ ಸಿಡುಬನ್ನು ತಡೆಯಬಹುದೆಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1798ರಲ್ಲಿ ಪ್ರಕಟಿಸಿದ್ದರು. 1802ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಆ ಲಸಿಕೆ ಹತ್ತಿತು. ಅಲ್ಲಿಂದ ಅದು ದೇಶದೊಳಗೆ ಹಬ್ಬಿತು. ಈಗಿನಂತೆ ಸೀಸೆಯಲ್ಲಿ ತುಂಬಿ ಮಂಜುಗಡ್ಡೆಯಲ್ಲಿಟ್ಟು ಸಾಗಿಸುವ ಅನುಕೂಲ ಅಂದಿಲ್ಲ. ಒಬ್ಬನ ತೋಳಿನಲ್ಲಿ ಎದ್ದ ಗುಳ್ಳೆ ವಾರದ ಬಳಿಕ ತುಂಬಿಕೊಂಡಾಗ ಅದರ ನೀರನ್ನು ತೆಗೆದು ಇನ್ನೊಬ್ಬನ ತೋಳಿಗೆ ಹಾಕಬೇಕು, ಅವನಿಂದ ಮತ್ತೊಬ್ಬನಿಗೆ. ಈ ಸರಪಣಿ ಎಲ್ಲಿಯಾದರೂ ಕಡಿದರೆ ಲಸಿಕೆಯೇ ಇಲ್ಲವಾಗುವುದು. ಆದುದರಿಂದ ಒಂದು ಮನೆಯವರು ಒಪ್ಪಿದರೆ ಸಾಲದು, ಊರೇ ಒಪ್ಪಬೇಕು. ಸಿಡುಬನ್ನು ಅಮ್ಮನೆಂದು ಕರೆದು, ಆಕೆ ಮನೆಗೆ ಬಂದಿದ್ದಾಳೆಂದು ಬೇವಿನ ಸೊಪ್ಪು ಕಟ್ಟಿ ಮಡಿಯಿಂದ ಇರುವ ನಾಡಿನಲ್ಲಿ, ಆಕೆಯನ್ನು ತಡೆಯುವ ಮಾತನ್ನಾಡುವುದೇ ಭಯಂಕರ. ಮೇಲಾಗಿ ಒಂದು ಜಾತಿಯವನ ಮೈಯ ನೀರನ್ನು ಇನ್ನೊಂದು ಜಾತಿಯವನ ಮೈಗೆ ಸೇರಿಸಬೇಕು.

ಇಂತಹ ಕೆಲಸಕ್ಕೆ ದೊಡ್ಡ ಸ್ವಾಮಿಯವರು ಕೈಹಾಕಿದರು. 1803 ಮತ್ತು 1804ರಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಲಸಿಕೆ ಹಾಕಿಸಿಕೊಂಡು ದಾಖಲಾದವರ ಸಂಖ್ಯೆ 25,432. ಈ ಅಂಕಿಯನ್ನು ಓದಿದಾಗ ನಮಗೆ ಒಂದೊಂದು ತೋಳೂ ಕಣ್ಣಿಗೆ ಕಟ್ಟುತ್ತದೆ. ತಮ್ಮ ಕೂಸಿನ ತೋಳನ್ನು ಮುಂದೊಡ್ಡಿದ ತಾಯಂದಿರು ಜೆನ್ನರನ ಹೆಸರನ್ನು ಕೇಳಿದವರಲ್ಲ. ತಮ್ಮಂತೆಯೇ ಉಟ್ಟು ಉಂಡು ತಮ್ಮ ಮಾತನ್ನಾಡುವ ಸ್ವಾಮಿಯನ್ನು ನಂಬಿದವರು. ಭಾರತದ ಕೊನೆಯ ಸಿಡುಬು 1975ರಲ್ಲಿ ಕಾಣಿಸಿತು. 1980ರಲ್ಲಿ ಜಗತ್ತೇ ಅದರಿಂದ ಬಿಡುಗಡೆಯಾಯಿತೆಂದು ಘೋಷಣೆಯಾಯಿತು. ಮುಖದ ಮೇಲೆ ಅದರ ಕಲೆಗಳನ್ನು ಹೊತ್ತ ಹಿರಿಯರನ್ನು ನಮ್ಮ ಕಲಬುರಗಿಯ ಬೀದಿಗಳಲ್ಲಿ ನಾವು ಚಿಕ್ಕಂದಿನಲ್ಲಿ ಕಂಡವರಾದ್ದರಿಂದ, ಈ ಸಂಗತಿಯನ್ನು ಇಷ್ಟು ದೀರ್ಘವಾಗಿ ಬರೆದೆವು.

ನೆಲೆಯಿಲ್ಲದ ಕ್ರೈಸ್ತ ಕುಟುಂಬಗಳಿಗೆ ಉಳುಮೆಯ ಬದುಕನ್ನು ಕಟ್ಟಿಕೊಡುವುದು ಅವರ ಇನ್ನೊಂದು ಯತ್ನ. ಹಾಸನದ ಬಳಿಯ ಸಾತಹಳ್ಳಿ ಹೀಗೆ ನೆಲೆಗೊಂಡ ಒಕ್ಕಲು ಕ್ರೈಸ್ತರ ಊರುಗಳಲ್ಲಿ ಮುಖ್ಯವಾದುದು. ಅಲ್ಲಿಯ ಕ್ರೈಸ್ತರು ಪೂಜೆಯಲ್ಲಿ ಕಥೋಲಿಕರಾಗಿಯೂ ಉಡುಗೆತೊಡುಗೆಯಲ್ಲಿ, ಮದುವೆ ಮುಂತಾದ ನಡೆವಳಿಯಲ್ಲಿ ನೆರೆಯ ಒಕ್ಕಲಿಗರಂತೆಯೇ ಉಳಿದರು. ಜಾತಿಯ ಭೇದವನ್ನೂ ಉಳಿಸಿಕೊಂಡರು. ಇಲ್ಲಿ ನಾವು ಒಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ಇಲ್ಲಿಯವರಂತೆ ಬಾಳುವ ವ್ರತದಲ್ಲಿ ದುಬ್ವಾ ಅವರು ಇಲ್ಲಿಯ ಮೇಲುಕೀಳನ್ನೂ ಬಹುಮಟ್ಟಿಗೆ ಒಪ್ಪಿಕೊಂಡರು. ಜಾತಿಯ ಕಟ್ಟಳೆಯೇ ಹಿಂದೂ ಸಮಾಜವನ್ನು ಅನಾಗರಿಕತೆಯಿಂದ ಕಾಪಾಡಿತೆಂದು ಅವರು ಬರೆದದ್ದುಂಟು. ಯಾರ ಮನೆಯ ಜಗಲಿ ಅವರಿಗೆ ತೆರೆಯಿತೋ ಅವರ ಕಣ್ಣಿನಿಂದಲೇ ಅವರು ನಾಡನ್ನು ಕಂಡರು. ಜಗಲಿ ಹತ್ತಲಾಗದವರ ಕಣ್ಣಿನಿಂದ ಕಂಡದ್ದು ಕಡಿಮೆ. ಪರನಾಡಿನಲ್ಲಿ ನೆಲಸುವವನಿಗೆ ಇದು ದೊಡ್ಡ ಇಕ್ಕಟ್ಟು. ಅದನ್ನು ಅವರು ಬಿಡಿಸಲಿಲ್ಲ.

ಜಗತ್ತಿಗೆ ದುಬ್ವಾ ಅವರು ಪರಿಚಿತರಾದದ್ದು ಅವರ ಗ್ರಂಥದಿಂದ. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮೇಜರ್ ಮಾರ್ಕ್ ವಿಲ್ಕ್ಸ್ ಮೆಚ್ಚಿ ಮದರಾಸಿಗೆ ಕಳುಹಿಸಿದರು. 1807ರಲ್ಲಿ ಕಂಪನಿ ಸರ್ಕಾರ ಅದನ್ನು 2,000 ಸ್ಟಾರ್ ಪಗೋಡಗಳಿಗೆ, ಎಂದರೆ ಸುಮಾರು 8,000 ರೂಪಾಯಿಗಳಿಗೆ, ಕೊಂಡುಕೊಂಡಿತು. 1816ರಲ್ಲಿ ಲಂಡನ್ನಿನಲ್ಲಿ ಅದರ ಇಂಗ್ಲಿಷ್ ಅನುವಾದ ಅಚ್ಚಾಯಿತು; ಅವರೇ ತಿದ್ದಿ ಬೆಳೆಸಿದ ಫ್ರೆಂಚ್ ಮೂಲ 1825ರಲ್ಲಿ ಹೊರಬಂದಿತು. ಆದರೆ ಆ ಮೊದಲ ಹಸ್ತಪ್ರತಿಯ ಬಹುಭಾಗವು ಪುದುಚೇರಿಯ ಯೇಸುಸಭೆಯ ಗುರು ಕರ್ದೂ ಅವರ ಬರಹದಿಂದ ಬಂದುದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯುರ್ 1987ರಲ್ಲಿ ತೋರಿಸಿಕೊಟ್ಟಿದ್ದಾರೆ. ಹಿಂದಿನವರ ಹೆಸರನ್ನು ಹೇಳದೆ ಅವರ ಬರಹವನ್ನು ತನ್ನದೆಂಬಂತೆ ಕೊಟ್ಟದ್ದು ತಪ್ಪೇ ಸರಿ. ಆ ಬಳಿಕ ಅವರು ಸೇರಿಸಿದ ಭಾಗಗಳಲ್ಲಿ ಮಾತ್ರ ಮೈಸೂರು ಸೀಮೆಯಲ್ಲಿ ಅವರೇ ಕಂಡು ಕೇಳಿದ ಬದುಕು ಇದೆ.

ವರ್ಷಗಳು ಕಳೆದಂತೆ ಅವರ ಮನಸ್ಸು ಕಂದತೊಡಗಿತು. ಜನರು ಅವರನ್ನು ಪ್ರೀತಿಸಿದರು, ಗೌರವಿಸಿದರು, ಆದರೆ ಅವರ ಬೋಧೆಯನ್ನು ಸ್ವೀಕರಿಸಲಿಲ್ಲ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳ ಸಂಪುಟದಲ್ಲಿ, ಇಷ್ಟು ದೀರ್ಘಕಾಲದಲ್ಲಿ ದೇಶೀಯ ಗುರುವೊಬ್ಬರ ನೆರವಿನಿಂದ ತಾವು ಹೊಸದಾಗಿ ಸಭೆಗೆ ಸೇರಿಸಿದವರು ಇನ್ನೂರು ಮುನ್ನೂರಕ್ಕೆ ಮಿಗಿಲಲ್ಲವೆಂದೂ, ಅವರಲ್ಲಿಯೂ ನಿಜವಾದ ಭಕ್ತಿಯಿಂದ ಬಂದವರು ವಿರಳವೆಂದೂ ಮುಚ್ಚುಮರೆಯಿಲ್ಲದೆ ಬರೆದರು. ಹಿಂದೂಗಳು ಕ್ರೈಸ್ತರಾಗುವ ಆಶೆಯೇ ಇಲ್ಲವೆಂಬುದು ಅವರ ತೀರ್ಮಾನ. ಇಂಗ್ಲೆಂಡಿನಲ್ಲಿ ಕೋಲಾಹಲವೆದ್ದಿತು, ಪ್ರಾಟೆಸ್ಟಂಟ್ ಮಿಶನರಿಗಳಾದ ಹೌ ಮತ್ತು ಟೌನ್ಲಿ ಅವರು ಪುಸ್ತಕಗಳನ್ನೇ ಬರೆದು ಖಂಡಿಸಿದರು. ಮೂವತ್ತು ವರ್ಷ ದುಡಿದವನು ಲೆಕ್ಕ ಹಾಕಿ ಕಡಿಮೆ ಅಂಕಿಯನ್ನು ತಾನೇ ಬರೆದಿಡುವುದು ಸುಲಭವಲ್ಲ. ಆದರೆ ಆ ಲೆಕ್ಕದಲ್ಲಿ ಮರಳಿ ಬಂದ 1800 ಮಂದಿಯನ್ನಾಗಲಿ, ಸಿಡುಬಿಗೆ ತೋಳು ಕೊಟ್ಟ 25,432 ಮಂದಿಯನ್ನಾಗಲಿ ಅವರು ಸೇರಿಸಲಿಲ್ಲ.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಕಂಪನಿ ಅವರಿಗೆ ವಿಶ್ರಾಂತಿವೇತನವನ್ನು ಕೊಟ್ಟಿತು. ಐವತ್ತೇಳರ ವಯಸ್ಸಿನಲ್ಲಿ ಪ್ಯಾರಿಸ್ಸಿಗೆ ಹಿಂದಿರುಗಿದವರಿಗೆ ತಾಯ್ನಾಡೇ ಪರನಾಡಾಗಿದ್ದಿರಬೇಕು. ಪಂಚತಂತ್ರದ ತಮಿಳು, ತೆಲುಗು, ಕನ್ನಡ ಪ್ರತಿಗಳನ್ನು ಮುಂದಿಟ್ಟುಕೊಂಡು ಅವರು ಅದನ್ನು ಫ್ರೆಂಚಿಗೆ ತಂದರು. ಆ ಪುಸ್ತಕ 1826ರಲ್ಲಿ ಪ್ರಕಟವಾಯಿತು. ಕನ್ನಡದ ಕಥೆಗಳನ್ನು ಪ್ಯಾರಿಸ್ಸಿನ ಓದುಗರಿಗೆ ಮುಟ್ಟಿಸಿದ ಮೊದಲಿಗರಲ್ಲಿ ಅವರೊಬ್ಬರೆಂದು ನಾವು ಹೆಮ್ಮೆಪಡಬಹುದು. ಮುಂದೆ 1836ರಿಂದ 1839ರವರೆಗೆ ತಮ್ಮ ಸಂಘದ ಗುರುಮಠದ ಶ್ರೇಷ್ಠರಾಗಿ, ಪೂರ್ವ ದೇಶಗಳಿಗೆ ಹೊರಡಲಿದ್ದ ತರುಣರ ಶಿಕ್ಷಣವನ್ನು ನೋಡಿಕೊಂಡರು. ಇನ್ನು ಆಶೆಯಿಲ್ಲವೆಂದು ಬರೆದ ಕೈಯೇ ಹೊಸಬರನ್ನು ಹಡಗು ಹತ್ತಿಸಿತು.

ಒಂದು ಕ್ರಾಂತಿಯ ಕಾಲದಲ್ಲಿ ನಾಡು ಬಿಟ್ಟಿದ್ದ ಅವರು ಇನ್ನೊಂದು ಕ್ರಾಂತಿ ಪ್ಯಾರಿಸ್ಸಿನ ಬೀದಿಗಿಳಿಯುವುದಕ್ಕೆ ಕೆಲವೇ ದಿನಗಳ ಮೊದಲು, 1848ರ ಫೆಬ್ರವರಿ 17ರಂದು, ಎಂಬತ್ತೆರಡರ ವಯಸ್ಸಿನಲ್ಲಿ ದೈವಾಧೀನರಾದರು. ಎರಡು ವರ್ಷಗಳ ಬಳಿಕ, 1850ರಲ್ಲಿ, ಮೈಸೂರು ಸೀಮೆಯು ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಯಿತು. ಅದರ ಹೊಣೆಯನ್ನು ಹೊತ್ತವರು ದುಬ್ವಾ ಅವರ ಸಂಘದ ಗುರುಗಳೇ.